ಮುಂಬೈ ಸೆಕೆಗೆ ಡೆಸ್ಕ್‌ಟಾಪ್‌ನ ಕೇಸ್ ಫ್ಯಾನ್ ಕೂರಿಸುವ ಕ್ರಮ

ಏಪ್ರಿಲ್ ಬಂತು ಅಂದ್ರೆ, ಮತ್ತೆ ಮಳೆ ನಿಂತು ಅಕ್ಟೋಬರ್ ಹೀಟ್ ಶುರುವಾಯ್ತು ಅಂದ್ರೆ, ಡೊಂಬಿವ್ಲಿ, ಥಾಣೆ, ಮೀರಾ ರೋಡ್ ಕಡೆಯ ನಮ್ಮ ಹುಡುಗರು ಕೇಳುವ ಪ್ರಶ್ನೆ ಒಂದೇ, ಪಿಸಿ ತುಂಬಾ ಬಿಸಿ ಆಗ್ತಾ ಉಂಟು, ಇನ್ನೆರಡು ಫ್ಯಾನ್ ಹಾಕಿದ್ರೆ ಸರಿ ಹೋಗ್ತದಾ ಅಂತ. ಹೋಗ್ಬಹುದು, ಹೋಗದೆಯೂ ಇರ್ಬಹುದು. ದುಡ್ಡು ಹಾಕುವ ಮೊದ್ಲು ಗಾಳಿ ಎಲ್ಲಿ ಸಿಕ್ಕಿಹಾಕಿಕೊಂಡಿದೆ ಅಂತ ಕಂಡುಹಿಡೀರಿ, ಅದಕ್ಕೆ ಒಂದು ರೂಪಾಯಿ ಖರ್ಚಿಲ್ಲ, ಸ್ಕ್ರೂಡ್ರೈವರ್ ಒಂದು ಮತ್ತೆ ಭಾನುವಾರದ ಒಂದೆರಡು ಗಂಟೆ ಸಾಕು.

ಒಂದು ವಿಷಯ ತಲೇಲಿ ಇಟ್ಕೊಳ್ಳಿ, ಫ್ಯಾನ್ ಅಂದ್ರೆ ಏಸಿ ಅಲ್ಲ. ರೂಮಲ್ಲಿರುವ ಗಾಳಿಯನ್ನೇ ಒಳಗೆ ಎಳೀತದೆ, ಬಿಸಿಯಾದದ್ದನ್ನ ಹೊರಗೆ ಹಾಕ್ತದೆ, ಅಷ್ಟೇ ಅದರ ಕೆಲಸ. ರೂಮ್ 33 ಡಿಗ್ರಿ ಇದ್ರೆ ಕೇಸಿನ, ಅಂದ್ರೆ ಪಿಸಿ ಡಬ್ಬಿಯ, ಒಳಗೆ 33ಕ್ಕಿಂತ ಕೆಳಗೆ ತರ್ಲಿಕ್ಕೆ ಯಾವ ಕಂಪನಿ ಫ್ಯಾನಿಂದಲೂ ಆಗೋದಿಲ್ಲ. ಹಾಗಾಗಿ ಚಳಿ ದೇಶದವ ಯಾರೋ 21 ಡಿಗ್ರಿ ರೂಮಲ್ಲಿ ಕೂತು ತನ್ನ ಗ್ರಾಫಿಕ್ಸ್ ಕಾರ್ಡ್ 62 ಅಂತ ವಿಡಿಯೋದಲ್ಲಿ ತೋರಿಸಿದ್ರೆ ಅದೇ ಕಾರ್ಡ್ ಅದೇ ಕೇಸ್ ನಿಮ್ಮ ಮನೇಲಿ 74 ತೋರಿಸೋದು ಸಹಜ, ಏನೂ ಹಾಳಾಗಿಲ್ಲ, ಲೆಕ್ಕ ಎರಡು ಕಡೆಯೂ ಒಂದೇ, ರೂಮಿಗಿಂತ 41 ಹೆಚ್ಚು. ಈ ವ್ಯತ್ಯಾಸವನ್ನೇ ನೀವು ನೋಡ್ಬೇಕಾದ್ದು. ಒಂದು ಸಣ್ಣ ಡಿಜಿಟಲ್ ಥರ್ಮಾಮೀಟರ್ ತಂದು ಕೇಸಿನ ಮುಂಭಾಗದ ಹತ್ತಿರ ಇಡಿ, ಹಿಂಭಾಗದಲ್ಲಿ ಬೇಡ, ಅಲ್ಲಿ ಪಿಸಿಯ ಬಿಸಿ ಗಾಳಿಯೇ ಅದಕ್ಕೆ ತಾಗ್ತದೆ. ಡಿಸೆಂಬರ್ ಬೆಳಿಗ್ಗೆ ಒಂದು ಸಲ ನೋಡಿ ಮೇ ಮಧ್ಯಾಹ್ನ ಇನ್ನೊಂದು ಸಲ ನೋಡಿ ಅಯ್ಯೋ ಜಾಸ್ತಿ ಆಯ್ತಲ್ಲ ಅಂತ ಗಾಬರಿ ಆಗುವವರು ತುಂಬಾ ಜನ ಇದ್ದಾರೆ, ಪಕ್ಕದಲ್ಲಿ ರೂಮ್ ಟೆಂಪರೇಚರ್ ಬರೆದಿಟ್ರೆ ಆ ಗಾಬರಿ ಬೇಕಾಗೋದಿಲ್ಲ.

ಮಿತಿ ಎಷ್ಟು ಅಂತ ಕೇಳಿದ್ರೆ, ಇಂಟೆಲ್‌ನ 12, 13ನೇ ಜನರೇಷನ್ ಡೆಸ್ಕ್‌ಟಾಪ್ ಸಿಪಿಯು, ಅಂದ್ರೆ ಪಿಸಿಯ ಮುಖ್ಯ ಚಿಪ್, 100 ಡಿಗ್ರಿವರೆಗೆ ತಡ್ಕೊಂಡು ಆಮೇಲೆ ತಾನೇ ಸ್ಪೀಡ್ ಇಳಿಸ್ತದೆ, ರೈಜನ್ 7000 ಸರಣಿಯ ಎಕ್ಸ್ ಮಾಡೆಲ್‌ಗಳು ಫುಲ್ ಲೋಡಲ್ಲಿ 95ಕ್ಕೆ ಹೋಗೋದು ಎಎಂಡಿಯವರು ಡಿಸೈನ್ ಮಾಡಿದ್ದೇ ಹಾಗೆ. ಆದ್ರೆ ಗೇಮ್ ಆಡುವಾಗ ಯಾವಾಗಲೂ ಮಿತಿಗೆ ತಾಗಿಕೊಂಡೇ ಓಡ್ತಾ ಇದ್ರೆ ಫ್ಯಾನ್ ಕೂಗ್ತದೆ, ಸ್ಪೀಡ್ ಬೀಳ್ತದೆ, ಆಗ ನಾವು ಏನಾದ್ರೂ ಮಾಡ್ಲೇಬೇಕು.

ಈಗ ಟೆಸ್ಟ್. ಹೆಚ್‌ಡಬ್ಲ್ಯುಇನ್‌ಫೋ ಸಾಫ್ಟ್‌ವೇರ್ ಹಾಕ್ಕೊಳ್ಳಿ, ಫ್ರೀ ಸಿಗ್ತದೆ, ಒಳಗಿನ ಟೆಂಪರೇಚರ್ ತೋರಿಸ್ತದೆ. ನೀವು ದಿನಾ ಆಡುವ ಗೇಮನ್ನೇ ಅರ್ಧ ಗಂಟೆ ಓಡಿಸಿ, ಹತ್ತು ನಿಮಿಷ ಸಾಲೋದಿಲ್ಲ ಯಾಕಂದ್ರೆ ಕೇಸಿನ ಒಳಗಿನ ಲೋಹ ಎಲ್ಲ ನಿಧಾನಕ್ಕೆ ಬಿಸಿ ಏರ್ತದೆ. ಸಿಪಿಯು, ಜಿಪಿಯು (ಅಂದ್ರೆ ಗ್ರಾಫಿಕ್ಸ್ ಕಾರ್ಡ್), ರೂಮ್ ಮೂರರ ಟೆಂಪರೇಚರನ್ನೂ ಬರೀರಿ. ಆಮೇಲೆ ಪಕ್ಕದ ಗಾಜಿನ ಪ್ಯಾನೆಲ್ ತೆಗೆದು ಮತ್ತೆ ಅಷ್ಟೇ ಹೊತ್ತು ಅದೇ ಗೇಮ್. ತೆಗೆದಾಗ ಐದು ಡಿಗ್ರಿಗಿಂತ ಜಾಸ್ತಿ ಇಳಿದ್ರೆ ಕೇಸಲ್ಲಿ ಗಾಳಿ ಸಾಲ್ತಾ ಇಲ್ಲ ಅಂತ ಅರ್ಥ, ಈ ಬರಹ ನಿಮಗೇ. ಒಂದೆರಡು ಡಿಗ್ರಿ ಮಾತ್ರ ಇಳಿದ್ರೆ ಕೇಸಿನ ತಪ್ಪಿಲ್ಲ, ಫ್ಯಾನ್ ತಂದು ಪ್ರಯೋಜನ ಇಲ್ಲ, ಸಿಪಿಯು ಕೂಲರ್ ಸರಿ ಕೂತಿದೆಯಾ, ಚಿಪ್ ಮತ್ತೆ ಕೂಲರ್ ನಡುವಿನ ಥರ್ಮಲ್ ಪೇಸ್ಟ್ ಒಣಗಿದೆಯಾ, ಹೀಟ್‌ಸಿಂಕ್ ಸಂದಿಯಲ್ಲಿ ಧೂಳು ಕಂಬಳಿ ಹಾಗೆ ಕೂತಿದೆಯಾ ಅಂತ ನೋಡಿ. ಹಾಗಂತ ಪ್ಯಾನೆಲ್ ತೆಗೆದೇ ಇಟ್ಬಿಡ್ತೇನೆ ಅನ್ನಬೇಡಿ, ಮುಂಬೈ ಮನೆಗಳಲ್ಲಿ ಜಿರಳೆ ಹಲ್ಲಿ ಎರಡಕ್ಕೂ ಬೆಚ್ಚಗಿನ ಜಾಗ ಅಂದ್ರೆ ಇಷ್ಟ, ಹಲ್ಲಿ ಫ್ಯಾನಿಗೆ ಸಿಕ್ಕಿ ಸತ್ರೆ ಕ್ಲೀನ್ ಮಾಡುವವರಿಗೆ ಗೊತ್ತು ಕಷ್ಟ.

ಇನ್ನೊಂದು ಟೆಸ್ಟ್ ಉಂಟು, ಇದನ್ನ ಹೆಚ್ಚಿನವರು ಮಾಡೋದೇ ಇಲ್ಲ, ನನ್ನ ಪ್ರಕಾರ ಇದೇ ಮುಖ್ಯವಾದ್ದು. ಪಕ್ಕದ ಪ್ಯಾನೆಲ್ ಹಾಕಿ, ಮುಂದಿನ ಪ್ಯಾನೆಲ್ ಮಾತ್ರ ತೆಗೆದು ಓಡಿಸಿ. ಸಾಧಾರಣವಾಗಿ ಅದು ಕ್ಲಿಪ್ ಮೇಲೆ ನಿಂತಿರ್ತದೆ, ಕೆಳಗಿನಿಂದ ಎಳೆದ್ರೆ ಬರ್ತದೆ, ಪವರ್ ಬಟನ್ ಅಥವಾ ಲೈಟಿನ ವೈರ್ ಅದಕ್ಕೆ ಅಂಟಿಕೊಂಡಿದೆಯಾ ನೋಡಿ ಮೆಲ್ಲಗೆ ಎಳೀರಿ. ಈಗ ಟೆಂಪರೇಚರ್ ಚೆನ್ನಾಗಿ ಇಳಿದ್ರೆ ಕಳ್ಳ ಸಿಕ್ಕಿದ ಹಾಗೆ, ಮುಂದಿನ ಪ್ಯಾನೆಲ್ಲೇ ಗಾಳಿಯ ಕುತ್ತಿಗೆ ಹಿಸುಕ್ತಾ ಉಂಟು. ಕಡಿಮೆ ರೇಟಿನ ಕೇಸ್‌ಗಳಲ್ಲಿ ಮುಂದೆ ಪೂರ್ತಿ ಗಾಜು ಅಥವಾ ಅಕ್ರಿಲಿಕ್ ಹಾಕಿ ಅದರ ಹಿಂದೆ ಮೂರು ಬಣ್ಣದ ಫ್ಯಾನ್ ಇಟ್ಟು ಪಕ್ಕದಲ್ಲಿ ಒಂದು ಬೆರಳಷ್ಟು ಸಂದಿ ಬಿಟ್ಟಿರ್ತಾರೆ, ನೋಡ್ಲಿಕ್ಕೆ ಚಂದ, ಆದ್ರೆ ಆ ಸಂದಿಯಿಂದ ಎಷ್ಟು ಗಾಳಿ ಬರ್ತದೋ ಅಷ್ಟೇ, ಫ್ಯಾನ್ ಮೂರಾದ್ರೂ ಆರಾದ್ರೂ ಅಷ್ಟೇ. ಇಂಥ ಕೇಸಿಗೆ ಫ್ಯಾನ್ ಸೇರಿಸುವ ಬದಲು ಪ್ಯಾನೆಲ್‌ಗೆ ಸ್ಪೇಸರ್ ಕೊಟ್ಟು ಒಂದು ಇಂಚು ಮುಂದಕ್ಕೆ ತರೋದು, ಇಲ್ಲದಿದ್ರೆ ಮುಂದಿನ ಸಲ ಜಾಲರಿ ಮುಖದ ಕೇಸ್ ತಗೊಳ್ಳೋದು, ಎರಡರಲ್ಲಿ ಒಂದು.

ಊರ ಹೋಟೆಲಿನ ಅಡುಗೆಮನೆ ನೆನಪು ಮಾಡ್ಕೊಳ್ಳಿ, ಎಕ್ಸಾಸ್ಟ್ ಫ್ಯಾನ್ ಎಷ್ಟೇ ದೊಡ್ಡದಿರ್ಲಿ, ಬಾಗಿಲು ಕಿಟಕಿ ಎಲ್ಲ ಹಾಕಿಟ್ರೆ ಹೊಗೆ ಹೋಗೋದಿಲ್ಲ, ಹಿಂದಿನ ಬಾಗಿಲು ಸ್ವಲ್ಪ ತೆರೆದ ಕೂಡ್ಲೆ ಹೊಗೆ ಎಳ್ಕೊಂಡು ಹೋಗ್ತದೆ. ಕೇಸಿನ ವಿಷಯವೂ ಇದೇ. ಒಳಗೆ ಬರುವ ದಾರಿ, ಹೊರಗೆ ಹೋಗುವ ದಾರಿ, ಎರಡೂ ಬೇಕು, ಮತ್ತೆ ನಡುವೆ ಬಿಸಿ ಆಗುವ ಸಾಮಾನು ಇರ್ಬೇಕು.

ಈಗ ಕೂರಿಸುವ ವಿಷಯ. ಫ್ಯಾನಿನ ಗಾಳಿ ಯಾವ ಕಡೆ ಹೋಗ್ತದೆ ಅಂತ ನೋಡ್ಲಿಕ್ಕೆ ಹಿಂದೆ ಮುಂದೆ ತಿರುಗಿಸಿ ನೋಡಿ, ಒಂದು ಕಡೆ ರೆಕ್ಕೆ ಮಾತ್ರ ಕಾಣ್ತದೆ, ಇನ್ನೊಂದು ಕಡೆ ಮೋಟರ್ ಹಿಡ್ಕೊಂಡಿರುವ ಪ್ಲಾಸ್ಟಿಕ್ ಕಾಲುಗಳು ಅಡ್ಡ ಇರ್ತವೆ, ಗಾಳಿ ರೆಕ್ಕೆಯ ಕಡೆಯಿಂದ ಒಳಗೆ ಬಂದು ಕಾಲುಗಳ ಕಡೆಯಿಂದ ಹೊರಗೆ ಹೋಗ್ತದೆ. ಕೆಲವದರ ಫ್ರೇಮಿನ ಮೇಲೆ ಬಾಣದ ಗುರುತೂ ಇರ್ತದೆ. ಒಂದು ಎಚ್ಚರಿಕೆ, ಈಗೀಗ ರಿವರ್ಸ್ ಬ್ಲೇಡ್ ಫ್ಯಾನ್ ಅಂತ ಬರ್ತಾ ಉಂಟು, ಗಾಜಿನ ಪೆಟ್ಟಿಗೆಯಂಥ ಕೇಸ್‌ಗಳಲ್ಲಿ ಕಾಲು ಕಾಣ್ಬಾರ್ದು ಅಂತ ಮಾಡಿದ್ದು, ಅದು ಉಲ್ಟಾ ಊದ್ತದೆ. ಹಾಗಾಗಿ ಕಣ್ಣಿಂದ ನೋಡಿ ನಂಬ್ಬೇಡಿ, ಓಡಿಸಿ ಕೇಸಿನ ಹೊರಗಿನಿಂದ ಒಂದು ಟಿಶ್ಯೂ ಪೇಪರ್ ತುಂಡು ಹಿಡಿದು ನೋಡಿ, ಎಳ್ಕೊಂಡ್ರೆ ಇಂಟೇಕ್, ಅಂದ್ರೆ ಗಾಳಿ ಒಳಗೆ ತರುವ ಫ್ಯಾನ್, ತಳ್ಳಿದ್ರೆ ಎಕ್ಸಾಸ್ಟ್, ಹೊರಗೆ ಹಾಕುವ ಫ್ಯಾನ್.

ಮುಂದಿನಿಂದ ಒಳಗೆ, ಹಿಂದಿನಿಂದ ಮತ್ತೆ ಮೇಲಿನಿಂದ ಹೊರಗೆ, ಇದು ಮೂಲ ಕ್ರಮ. ಸಿಪಿಯು ಟವರ್ ಕೂಲರ್ ಇದ್ರೆ ಅದರ ಫ್ಯಾನ್ ಕೂಡ ಅದೇ ದಿಕ್ಕಿಗೆ, ಅಂದ್ರೆ ಕೇಸಿನ ಹಿಂಭಾಗಕ್ಕೆ ಊದ್ಬೇಕು. ಮುಂದೆ ಎರಡು ಹಿಂದೆ ಒಂದು, ಒಟ್ಟು ಮೂರು 120 ಎಂಎಂ ಫ್ಯಾನ್, ಸಾಧಾರಣ ಗೇಮಿಂಗ್ ಪಿಸಿಗೆ ಇಷ್ಟು ಸಾಕು, ಇದರ ಮೇಲೆ ಹಾಕುವ ಪ್ರತಿ ಫ್ಯಾನಿಂದ ಸಿಗುವ ಲಾಭ ಕಮ್ಮಿ ಆಗ್ತಾ ಹೋಗ್ತದೆ, ಸದ್ದು ಮಾತ್ರ ಏರ್ತದೆ. ಕೇಸಲ್ಲಿ 140 ಎಂಎಂ ಹಿಡಿಯುವ ಜಾಗ ಇದ್ರೆ ಅದನ್ನೇ ಹಾಕಿ, ದೊಡ್ಡ ಫ್ಯಾನ್ ನಿಧಾನ ತಿರುಗಿದ್ರೂ ಅಷ್ಟೇ ಗಾಳಿ ಕೊಡ್ತದೆ, ರಾತ್ರಿ ಒಂದೇ ರೂಮಲ್ಲಿ ಅಪ್ಪ ಅಮ್ಮ ಮಲಗಿದ್ದಾಗ ನೀವು ಕೂತು ಕೆಲಸ ಮಾಡುವವರಾದ್ರೆ ಆ ವ್ಯತ್ಯಾಸ ಗೊತ್ತಾಗ್ತದೆ.

ಮುಂದಿನ ಎರಡು ಫ್ಯಾನ್ ಎಲ್ಲಿ ಅನ್ನೋದು ಮುಖ್ಯ. ಮೂರು ಜಾಗ ಇರುವ ಕೇಸಲ್ಲಿ ಬಹಳ ಜನ ಮೇಲಿನ ಎರಡರಲ್ಲಿ ಹಾಕ್ತಾರೆ. ಈಗಿನ ಪಿಸಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಬಿಸಿ ಮಾಡೋದು ಗ್ರಾಫಿಕ್ಸ್ ಕಾರ್ಡ್, ಎರಡು ಮೂರು ಫ್ಯಾನಿನ ಕಾರ್ಡ್ ತನ್ನ ಬಿಸಿಯನ್ನೆಲ್ಲ ಕೇಸಿನ ಒಳಗೇ ಚೆಲ್ತದೆ, ಅದರ ಫ್ಯಾನ್ ಕೆಳಗಿನಿಂದ ಗಾಳಿ ಎಳೀತದೆ. ಹಾಗಾಗಿ ಒಂದು ಇಂಟೇಕ್ ಫ್ಯಾನ್ ಕಾರ್ಡಿನ ಮಟ್ಟಕ್ಕೆ ಅಥವಾ ಸ್ವಲ್ಪ ಕೆಳಗೆ ಇರ್ಲೇಬೇಕು. ಆದ್ರೆ ಎಲ್ಲಕ್ಕಿಂತ ಕೆಳಗಿನ ಜಾಗ ಪವರ್ ಸಪ್ಲೈ ಮುಚ್ಚಿದ ಪೆಟ್ಟಿಗೆಯ ಹಿಂದೆ ಹೋಗ್ತದೆ ಅಂತಾದ್ರೆ ಅಲ್ಲಿ ಹಾಕಿ ಲಾಭ ಇಲ್ಲ, ಗಾಳಿ ವೈರಿನ ಗಂಟಿಗೆ ಹೊಡೆದು ಅಲ್ಲೇ ಉಳೀತದೆ. ಆ ಪೆಟ್ಟಿಗೆಯ ಮೇಲ್ಗಡೆ ತೂತು ಇದ್ದು ಫ್ಯಾನ್ ಕೂರಿಸುವ ಜಾಗ ಇದ್ರೆ ಅಲ್ಲಿಂದ ಮೇಲಕ್ಕೆ ಊದುವ ಒಂದು ಫ್ಯಾನ್ ಕಾರ್ಡಿಗೆ ತುಂಬಾ ಒಳ್ಳೆದು, ಅದಕ್ಕೆ ಗಾಳಿ ಬರುವ ದಾರಿ ಉಂಟಾ ನೋಡ್ಕೊಳ್ಳಿ.

ನಾಲ್ಕನೇ ಫ್ಯಾನ್ ಹಾಕುವ ಆಸೆ ಇದ್ರೆ ಮೇಲ್ಗಡೆ ಹಿಂದಿನ ಮೂಲೆಯಲ್ಲಿ ಎಕ್ಸಾಸ್ಟ್ ಆಗಿ ಹಾಕಿ. ಮೇಲ್ಗಡೆ ಮುಂದಿನ ಜಾಗ ಖಾಲಿ ಬಿಡಿ ಅಂತ ನಾನು ಎಲ್ಲರಿಗೂ ಹೇಳೋದು. ಯಾಕಂದ್ರೆ ಮುಂದಿನಿಂದ ಈಗಷ್ಟೇ ಬಂದ ತಂಪು ಗಾಳಿ ಸಿಪಿಯು ಕೂಲರ್ ತಲುಪುವ ಮೊದ್ಲೇ ಆ ಫ್ಯಾನ್ ಅದನ್ನ ಎತ್ತಿ ಹೊರಗೆ ಹಾಕ್ತದೆ, ಕೆಲಸ ಮಾಡದ ಗಾಳಿ ಹೊರಗೆ ಹೋಯ್ತು, ಸುಮ್ನೆ. ಮೇಲಿಂದ ಒಳಗೆ ಊದುವ ಹಾಗೆ ಹಾಕುವವರೂ ಇದ್ದಾರೆ, ಏರ್ತಾ ಇರುವ ಬಿಸಿ ಗಾಳಿಗೆ ಎದುರಾಗ್ತದೆ ಅನ್ನೋದಕ್ಕಿಂತ ದೊಡ್ಡ ತೊಂದರೆ ಧೂಳು, ಮೇಲಿಂದ ಬೀಳುವ ಧೂಳನ್ನ ನೇರ ಒಳಗೆ ಎಳ್ಕೊಂಡ ಹಾಗೆ. ಲಿಕ್ವಿಡ್ ಕೂಲರ್ ಇದ್ದವರಿಗೆ ಒಂದೇ ಮಾತು, ಅದರ ರೇಡಿಯೇಟರ್, ಅಂದ್ರೆ ಬಿಸಿ ಹೊರಗೆ ಬಿಡುವ ಭಾಗ, ಮೇಲ್ಗಡೆ ಎಕ್ಸಾಸ್ಟ್ ಆಗಿ ಹಾಕಿದ್ರೆ ಜಿಪಿಯುಗೆ ತಂಪು ಗಾಳಿ ಸಿಗ್ತದೆ, ಮುಂದೆ ಹಾಕಿದ್ರೆ ಸಿಪಿಯುಗೆ ಲಾಭ ಆದ್ರೆ ಕಾರ್ಡಿಗೆ ಬಿಸಿಯಾದ ಗಾಳಿ ಹೋಗ್ತದೆ, ಮತ್ತೆ ಯಾವ ರೀತಿ ಹಾಕಿದ್ರೂ ಪಂಪ್ ಎಲ್ಲಕ್ಕಿಂತ ಎತ್ತರದಲ್ಲಿ ಬರ್ಬಾರ್ದು, ಒಳಗಿನ ಗಾಳಿ ಗುಳ್ಳೆ ಅಲ್ಲಿ ಸೇರ್ಕೊಳ್ತದೆ.

ಪಾಸಿಟಿವ್ ಪ್ರೆಷರ್, ನೆಗೆಟಿವ್ ಪ್ರೆಷರ್ ಅಂತ ದೊಡ್ಡ ಚರ್ಚೆ ನಡೀತದೆ. ಒಳಗೆ ಬರುವ ಗಾಳಿ ಹೊರಗೆ ಹೋಗೋದಕ್ಕಿಂತ ಹೆಚ್ಚಿದ್ರೆ ಪಾಸಿಟಿವ್, ಆಗ ಉಳಿದ ಗಾಳಿ ಪಿಸಿಐ ಸ್ಲಾಟಿನ ಸಂದಿ, ಸ್ಕ್ರೂ ತೂತು ಎಲ್ಲದರಿಂದ ಹೊರಗೆ ನುಗ್ತದೆ, ಧೂಳು ಫಿಲ್ಟರ್ ಇರುವ ಕಡೆಯಿಂದ ಮಾತ್ರ ಬರ್ಬೇಕಾಗ್ತದೆ. ಉಲ್ಟಾ ಆದ್ರೆ ಪ್ರತಿ ಸಂದಿಯಿಂದಲೂ ಧೂಳು ಒಳಗೆ. ಟೆಂಪರೇಚರ್ ಲೆಕ್ಕದಲ್ಲಿ ಎರಡಕ್ಕೂ ದೊಡ್ಡ ವ್ಯತ್ಯಾಸ ಕಾಣೋದಿಲ್ಲ, ಧೂಳಿನ ಲೆಕ್ಕದಲ್ಲಿ ಕಾಣ್ತದೆ, ಮತ್ತೆ ನಮ್ಮ ಊರಿಗೆ ಧೂಳಿನ ಲೆಕ್ಕವೇ ದೊಡ್ಡದು. ರಸ್ತೆ ಪಕ್ಕದ ಬಿಲ್ಡಿಂಗ್, ಎದುರಲ್ಲಿ ರಿಡೆವಲಪ್‌ಮೆಂಟ್ ಕೆಲಸ ನಡೀತಾ ಉಂಟು ಅಂದ್ರೆ ಕೇಳ್ಬೇಡಿ. ಹಾಗಾಗಿ ಇಂಟೇಕ್ ಸ್ವಲ್ಪ ಹೆಚ್ಚಿಡಿ, ಇಂಟೇಕ್ ಇರುವ ಎಲ್ಲ ಕಡೆ ಫಿಲ್ಟರ್ ಇರ್ಲಿ. ಫಿಲ್ಟರ್ ಅಂದ ಮೇಲೆ ಅದು ಗಾಳಿಯನ್ನೂ ತಡೀತದೆ ಅನ್ನೋದು ಮರೀಬೇಡಿ, ಮುಂದೆ ಫ್ಯಾನ್ ಎರಡಕ್ಕಿಂತ ಕಮ್ಮಿ ಬೇಡ ಅಂತ ಹೇಳೋದು ಅದಕ್ಕೇ, ಹಿಂದಿನ ಒಂದಕ್ಕೆ ಸಮ ಆಗ್ಬೇಕಲ್ವಾ.

ವೈರಿಂಗ್‌ಗೆ ಬರೋಣ, ತಪ್ಪಾಗೋದು ಇಲ್ಲೇ. ಮದರ್‌ಬೋರ್ಡಲ್ಲಿ ಸಿಪಿಯು ಫ್ಯಾನ್ ಅಂತ ಬರೆದದ್ದಕ್ಕೆ ಕೂಲರ್ ಮಾತ್ರ, ಸಿಸ್ಟಮ್ ಫ್ಯಾನ್ ಅಥವಾ ಚಾಸಿ ಫ್ಯಾನ್ ಅಂತ ಬರೆದದ್ದಕ್ಕೆ ಕೇಸ್ ಫ್ಯಾನ್. ನಾಲ್ಕು ಪಿನ್ನಿನದ್ದು ಪಿಡಬ್ಲ್ಯುಎಂ, ಅಂದ್ರೆ ಬೇರೆ ಸಿಗ್ನಲ್ ಕೊಟ್ಟು ಸ್ಪೀಡ್ ಬದಲಿಸೋದು, ಮೂರು ಪಿನ್ನಿನದ್ದು ಡಿಸಿ, ಅಂದ್ರೆ ವೋಲ್ಟೇಜ್ ಏರಿಸಿ ಇಳಿಸಿ ಸ್ಪೀಡ್ ಬದಲಿಸೋದು. ಮೂರು ಪಿನ್ನಿನ ಫ್ಯಾನ್ ಹಾಕಿ ಬಯೋಸ್‌ನಲ್ಲಿ, ಅಂದ್ರೆ ಪಿಸಿ ಆನ್ ಆಗುವಾಗ ತೆರೆಯುವ ಮದರ್‌ಬೋರ್ಡ್ ಸೆಟ್ಟಿಂಗಲ್ಲಿ, ಪಿಡಬ್ಲ್ಯುಎಂ ಅಂತಲೇ ಬಿಟ್ರೆ ಫ್ಯಾನ್ ಯಾವಾಗಲೂ ಫುಲ್ ಸ್ಪೀಡಲ್ಲಿ ಕೂಗ್ತಾ ಇರ್ತದೆ, ಡಿಸಿ ಅಂತ ಬದಲಿಸಿದ ಕೂಡ್ಲೆ ಶಾಂತ ಆಗ್ತದೆ. ಒಂದು ಹೆಡರ್‌ಗೆ, ಅಂದ್ರೆ ಬೋರ್ಡಲ್ಲಿ ಫ್ಯಾನ್ ಚುಚ್ಚುವ ಪಿನ್ ಜಾಗಕ್ಕೆ, ಸಾಧಾರಣ 1 ಆಂಪಿಯರ್ ಮಿತಿ, ವೈ ಕೇಬಲ್ ಹಾಕಿ ಎರಡು ಮೂರು ಫ್ಯಾನ್ ಜೋಡಿಸುವ ಮೊದ್ಲು ಪ್ರತಿ ಫ್ಯಾನಿನ ಸ್ಟಿಕ್ಕರ್ ಮೇಲಿನ ಆಂಪಿಯರ್ ಕೂಡಿಸಿ ನೋಡಿ, ಮೀರ್ತದೆ ಅಂದ್ರೆ ಸಾಟಾ ಪವರ್ ತಗೊಳ್ಳುವ ಹಬ್ ತಗೊಳ್ಳಿ. ಲೈಟಿನ ಕನೆಕ್ಟರ್ ಬೇರೆ ವಿಷಯ, 5 ವೋಲ್ಟಿನ ಮೂರು ಪಿನ್ ಎಆರ್‌ಜಿಬಿಯನ್ನ 12 ವೋಲ್ಟಿನ ನಾಲ್ಕು ಪಿನ್ ಹೆಡರ್‌ಗೆ ಒತ್ತಿ ಹಾಕಿದ್ರೆ ಎಲ್‌ಇಡಿ ಸುಟ್ಟು ಹೋಗ್ತದೆ, ಪಿನ್ ಎಣಿಸಿ, ಒತ್ತಾಯ ಮಾಡ್ಬೇಡಿ. ಕೆಲವು ಕೇಸಿನ ಜೊತೆ ಬರುವ ಫ್ಯಾನಿಗೆ ದೊಡ್ಡ ಬಿಳಿ ಮೋಲೆಕ್ಸ್ ಕನೆಕ್ಟರ್ ಮಾತ್ರ ಇರ್ತದೆ, ಅದರ ಸ್ಪೀಡ್ ಮದರ್‌ಬೋರ್ಡಿಂದ ಬದಲಿಸ್ಲಿಕ್ಕೆ ಆಗೋದಿಲ್ಲ, ಬದಲಾಯಿಸುವ ಫ್ಯಾನ್ ಇದ್ರೆ ಮೊದ್ಲು ಅದನ್ನೇ ಬದಲಾಯಿಸಿ.

ಕೈ ಹಾಕುವ ಮೊದ್ಲು ಪಿಸಿ ಆಫ್ ಮಾಡಿ, ಗೋಡೆಯ ಸ್ವಿಚ್ಚೂ ಆಫ್ ಮಾಡಿ, ಕೇಸಿನ ಲೋಹ ಒಮ್ಮೆ ಮುಟ್ಟಿ. ಫ್ಯಾನಿನ ಸ್ಕ್ರೂ ಪ್ಲಾಸ್ಟಿಕ್ಕನ್ನ ಕೊರ್ಕೊಂಡು ಒಳಗೆ ಹೋಗುವಂಥದ್ದು, ಮೊದಲ ಸಲ ಗಟ್ಟಿ ಇರ್ತದೆ, ನಾಲ್ಕನ್ನೂ ಅರ್ಧ ಅರ್ಧ ಹಾಕಿ ಆಮೇಲೆ ಎದುರು ಬದುರು ಮೂಲೆ ಬಿಗಿ ಮಾಡಿ, ತುಂಬಾ ಬಿಗಿದ್ರೆ ಮೂಲೆ ಸೀಳ್ತದೆ. ವೈರ್ ರೆಕ್ಕೆಗೆ ತಾಗದ ಹಾಗೆ ಮೂಲೆಯಿಂದ ಹೊರಡ್ಲಿ, ಮುಂದಿನ ಫ್ಯಾನ್ ಮತ್ತೆ ಕಾರ್ಡಿನ ನಡುವೆ ಇರುವ ವೈರಿನ ಗೊಂಚಲು ಹಿಂದಿನ ಸಂದಿಗೆ ತಳ್ಳಿ ಕೇಬಲ್ ಟೈ ಕಟ್ಟಿ. ಪವರ್ ಸಪ್ಲೈ ಕೆಳಗೆ ಇದ್ದು ಅದರ ಕೆಳಗೆ ಜಾಲರಿ ಇದ್ರೆ ಅದರ ಫ್ಯಾನ್ ಕೆಳಮುಖ ಇರ್ಲಿ, ಆದ್ರೆ ಕೇಸನ್ನ ಚಾಪೆ, ಕಾರ್ಪೆಟ್ ಮೇಲೆ ಇಡ್ಬೇಡಿ, ಗಾಳಿಯ ಬಾಯಿ ಮುಚ್ತದೆ.

ಫ್ಯಾನ್ ಕರ್ವ್, ಅಂದ್ರೆ ಎಷ್ಟು ಬಿಸಿಗೆ ಎಷ್ಟು ಸ್ಪೀಡ್ ಅನ್ನುವ ಸೆಟ್ಟಿಂಗ್, ಅದರ ಬಗ್ಗೆ ಒಂದು ಸಲಹೆ. ಬಯೋಸ್‌ನಲ್ಲಿ ಕೇಸ್ ಫ್ಯಾನ್ ಸಿಪಿಯು ಟೆಂಪರೇಚರ್ ನೋಡಿ ತಿರುಗ್ತದೆ, ಆದ್ರೆ ಸಿಪಿಯು ಒಂದು ಬ್ರೌಸರ್ ಟ್ಯಾಬ್ ತೆರೆದ್ರೂ ಹಾರಿ ಮತ್ತೆ ಇಳೀತದೆ, ಫ್ಯಾನ್ ಕೂಡ ಅದರ ಹಿಂದೆ ಜೋರು ಮೆಲ್ಲಗೆ ಅಂತ ಓಡ್ತದೆ, ತಲೆನೋವು. ಸ್ಟೆಪ್ ಅಪ್ ಟೈಮ್ ಅಂತ ಆಯ್ಕೆ ಇದ್ರೆ ಹೆಚ್ಚಿಡಿ. ಇನ್ನೂ ಒಳ್ಳೆದು ವಿಂಡೋಸ್‌ನಲ್ಲಿ ಫ್ಯಾನ್ ಕಂಟ್ರೋಲ್ ಅಂತಲೇ ಹೆಸರಿರುವ ಉಚಿತ ಸಾಫ್ಟ್‌ವೇರ್ ಹಾಕಿ ಕೇಸ್ ಫ್ಯಾನನ್ನ ಜಿಪಿಯು ಟೆಂಪರೇಚರ್‌ಗೆ ಕಟ್ಟೋದು, ಅದು ನಿಧಾನ ಏರಿ ನಿಧಾನ ಇಳೀತದೆ, ಕೇಸಿನ ಒಳಗಿನ ಬಿಸಿಗೂ ಹತ್ತಿರ. ಜಿಪಿಯು 45ರವರೆಗೆ ಶೇಕಡಾ 35, 65ಕ್ಕೆ 60, 75 ದಾಟಿದ್ರೆ 85, ಇಲ್ಲಿಂದ ಶುರು ಮಾಡಿ ನಿಮ್ಮ ಕಿವಿಗೆ ಹಿತ ಆಗುವ ಹಾಗೆ ಸರಿ ಮಾಡ್ಕೊಳ್ಳಿ. ಬೇಸಿಗೆಗೆ ಒಂದು ಪ್ರೊಫೈಲ್, ಚಳಿಗಾಲಕ್ಕೆ ಒಂದು ಇಟ್ರೆ ಇನ್ನೂ ಒಳ್ಳೆದು.

ಗ್ರಾಂಟ್ ರೋಡ್ ಸ್ಟೇಷನ್ ಹತ್ತಿರದ ಲ್ಯಾಮಿಂಗ್ಟನ್ ರೋಡಿಗೆ ಹೋಗಿ ತಗೊಳ್ಳುವವರು ಬಣ್ಣದ ಐದು ಫ್ಯಾನ್ ಪ್ಯಾಕಿನ ಕಡೆ ನೋಡುವ ಬದಲು ಒಳ್ಳೆ ಎರಡು ಫ್ಯಾನ್ ಕೇಳಿ. ಫಿಲ್ಟರ್, ಜಾಲರಿ, ರೇಡಿಯೇಟರ್ ಹಿಂದೆ ಕೂರುವ ಫ್ಯಾನಿಗೆ ಸ್ಟ್ಯಾಟಿಕ್ ಪ್ರೆಷರ್, ಅಂದ್ರೆ ಅಡ್ಡ ಇದ್ರೂ ಗಾಳಿ ತಳ್ಳುವ ಒತ್ತಡ, ಚೆನ್ನಾಗಿರ್ಬೇಕು, ಆರ್ಕ್ಟಿಕ್ ಪಿ12 ಪಿಡಬ್ಲ್ಯುಎಂ 1800 ಆರ್‌ಪಿಎಂನಲ್ಲಿ 2.2 ಎಂಎಂ ನೀರಿನ ಒತ್ತಡ ಕೊಡ್ತದೆ, ನೋಕ್ಟುವಾ ಎನ್‌ಎಫ್ ಎ12x25 2000 ಆರ್‌ಪಿಎಂನಲ್ಲಿ 2.34, ರೇಟಲ್ಲಿ ಮಾತ್ರ ಎರಡಕ್ಕೂ ತುಂಬಾ ದೂರ, ನಾನಾದ್ರೆ ಮೊದಲನೆಯದ್ದನ್ನೇ ತಗೊಳ್ಳುವವ. ಮೇಲ್ಗಡೆ ಮಲಗಿಸಿ ಹಾಕುವ ಫ್ಯಾನಿಗೆ ಸ್ಲೀವ್ ಬೇರಿಂಗ್ ಬೇಡ, ಫ್ಲೂಯಿಡ್ ಡೈನಾಮಿಕ್ ಬೇರಿಂಗ್ ಕೇಳಿ. ಬಾಕ್ಸ್ ಮೇಲೆ ಸಿಎಫ್‌ಎಂ, ಅಂದ್ರೆ ಗಾಳಿಯ ಪ್ರಮಾಣ, ಮಾತ್ರ ದೊಡ್ಡ ಅಕ್ಷರದಲ್ಲಿ ಬರೆದು ಒತ್ತಡ ಬರೆಯದ ಫ್ಯಾನ್ ನನಗೆ ನಂಬಿಕೆ ಇಲ್ಲ.

ಇನ್ನು ಪಿಸಿ ಇಡುವ ಜಾಗ. ಒನ್ ಆರ್‌ಕೆ, ಒನ್ ಬಿಎಚ್‌ಕೆಯಲ್ಲಿ ಅಡುಗೆಮನೆ ದೂರ ಇರೋದಿಲ್ಲ, ಒಗ್ಗರಣೆಯ ಎಣ್ಣೆ ಹೊಗೆ ಗಾಳಿಯಲ್ಲಿ ಬಂದು ಫಿಲ್ಟರ್ ಮೇಲೆ ಕೂತ್ಕೊಳ್ತದೆ, ಅದರ ಮೇಲೆ ಧೂಳು, ಜೂನ್ ಬಂದ ಮೇಲೆ ತೇವ, ಮೂರೂ ಸೇರಿ ಅಂಟು ಮೇಣದ ಹಾಗೆ ಆಗ್ತದೆ, ಬ್ರಷ್‌ಗೆ ಬರೋದಿಲ್ಲ. ಪುಣೆಯವರ ಒಣ ಧೂಳು ಊದಿದ್ರೆ ಹಾರ್ತದೆ, ಮುಂಬೈ ಗೋವಾದ್ದು ಹಾಗಲ್ಲ. ಫಿಲ್ಟರನ್ನ ತಿಂಗಳಿಗೊಮ್ಮೆ ತೆಗೆದು ಪಾತ್ರೆ ತೊಳೆಯುವ ಸೋಪು ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ ಹಾಕಿ, ಮಳೆಗಾಲದಲ್ಲಿ ಒಣಗ್ಲಿಕ್ಕೆ ಒಂದು ರಾತ್ರಿ ಬೇಕು. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆ ಬೆರಳಿಂದ ಹಿಡ್ಕೊಳ್ಳಿ, ಗಾಳಿಗೆ ಹುಚ್ಚಾಪಟ್ಟೆ ತಿರುಗಿದ್ರೆ ಬೇರಿಂಗ್ ಹಾಳಾಗ್ತದೆ. ಕಂಪ್ಯೂಟರ್ ಟೇಬಲಿನ ಕೆಳಗಿನ ಮುಚ್ಚಿದ ಗೂಡಲ್ಲಿ ಕೇಸ್ ಇಟ್ಟವರು ಮೇಲೆ ಹೇಳಿದ್ದೆಲ್ಲ ಮಾಡಿಯೂ ಲಾಭ ಕಾಣೋದಿಲ್ಲ, ಹೊರಗೆ ಹಾಕಿದ ಬಿಸಿ ಗಾಳಿ ಸುತ್ತಿ ಬಂದು ಮತ್ತೆ ಮುಂದಿನಿಂದ ಒಳಗೆ ಹೋಗ್ತದೆ, ಗೂಡಿನ ಹಿಂದಿನ ಹಲಗೆ ತೆಗೀರಿ ಇಲ್ಲ ಕೇಸನ್ನೇ ಹೊರಗೆ ತನ್ನಿ, ಗೋಡೆಗೆ ಒಂದು ಗೇಣಾದ್ರೂ ಅಂತರ ಇರ್ಲಿ.

ಒಂದೊಂದೇ ಬದಲಾವಣೆ ಮಾಡಿ, ಪ್ರತಿ ಸಲ ಅದೇ ಗೇಮ್ ಅರ್ಧ ಗಂಟೆ, ರೂಮ್ ಟೆಂಪರೇಚರ್ ಕಳೆದು ಬರೀರಿ. ನಾಲ್ಕು ಒಟ್ಟಿಗೆ ಬದಲಿಸಿದ್ರೆ ಯಾವುದು ಕೆಲಸ ಮಾಡಿತು ಅಂತ ಗೊತ್ತಾಗೋದಿಲ್ಲ. ಪ್ಯಾನೆಲ್ ಹಾಕಿದ್ದಕ್ಕೂ ತೆಗೆದದ್ದಕ್ಕೂ ಎರಡು ಮೂರು ಡಿಗ್ರಿ ಅಷ್ಟೇ ವ್ಯತ್ಯಾಸ ಉಳಿದ್ರೆ ಕೇಸಿನ ಕೆಲಸ ಮುಗೀತು, ಇನ್ನು ಫ್ಯಾನ್ ತರ್ಬೇಡಿ. ಅಷ್ಟಾದ ಮೇಲೂ ಬಿಸಿ ಅನ್ಸಿದ್ರೆ ಉಳಿದದ್ದು ರೂಮ್. 350 ವಾಟ್ ಎಳೆಯುವ ಪಿಸಿ ಅಂದ್ರೆ ಅಷ್ಟೂ ಕರೆಂಟ್ ಕೊನೆಗೆ ಶಾಖ ಆಗಿ ಆ ಹತ್ತು ಬೈ ಹತ್ತು ರೂಮಿಗೇ ಬರ್ತದೆ, ಬಾಗಿಲು ಹಾಕಿ ಕೂತ್ರೆ ಒಂದೆರಡು ಗಂಟೆಯಲ್ಲಿ ರೂಮೇ ಏರ್ತದೆ. ಕಾರ್ಡಿನ ಪವರ್ ಲಿಮಿಟ್ ಶೇಕಡಾ 80ಕ್ಕೆ ಇಳಿಸಿ ನೋಡಿ, ಗೇಮಲ್ಲಿ ಕಳ್ಕೊಳ್ಳೋದು ಸ್ವಲ್ಪ, ಶಾಖ ಇಳಿಯೋದು ಹೆಚ್ಚು. ಕೇಸಿನ ಬೆನ್ನು ಕಿಟಕಿ ಕಡೆ ಬರುವ ಹಾಗೆ ಇಟ್ಟು ಕಿಟಕಿ ತೆರೆದಿಡಿ, ಮಳೆಗಾಲದಲ್ಲಿ ಮಾತ್ರ ಎರಚಲು ತಾಗದಷ್ಟು ದೂರ ಸರಿಸಿ.